ಕೀಲಿಮಣೆ ಮೀಮಾಂಸೆ: ಎಡ ತೋರುಬೆರಳಿನ ದೃಷ್ಟಿಯಿಂದ ಒಂದು ಅಧ್ಯಯನ

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕು ಎಂಬ ನಿಯಮದಂತೆ ಮೊದಲು ಅವನ್ನು ಹೇಳಿ ಮುಗಿಸುತ್ತೇವೆ. ವಿಷಯ: ದಿನವಿಡೀ ಕನ್ನಡದಲ್ಲಿ ಟೈಪ್ ಮಾಡುವವರು ವೈರ್ ಇಲ್ಲದ, ಮೈಕೈ ನೋಯಿಸದ ಕೀಬೋರ್ಡ್ ಆರಿಸುವುದು ಹೇಗೆ ಎಂಬುದು. ಪ್ರಯೋಜನ: ಮಣಿಕಟ್ಟಿನ ನೋವಿನಿಂದ ಮುಕ್ತಿ, ಅದೂ ಬದುಕಿರುವಾಗಲೇ. ಅಧಿಕಾರಿ: ಸಂಜೆ ಕಾಫಿ ಲೋಟ ಎತ್ತುವಾಗ ಯಾರ ಮಣಿಕಟ್ಟು ಚುರ್ ಎನ್ನುತ್ತದೋ ಅವರು. ಸಂಬಂಧ: ಆಫೀಸಿನವರು ಕೊಟ್ಟ ಲ್ಯಾಪ್‌ಟಾಪಿಗೂ ಅಧಿಕಾರಿಗೂ ಇರುವಂಥದ್ದು, ಅದರ ಬಗ್ಗೆ ಹೆಚ್ಚು ಹೇಳದಿರುವುದೇ ಲೇಸು.

ಇಲ್ಲಿ ಪೂರ್ವಪಕ್ಷದವನು ಎದ್ದು ನಿಲ್ಲುತ್ತಾನೆ. ಲ್ಯಾಪ್‌ಟಾಪಿನಲ್ಲೇ ಒಂದು ಕೀಬೋರ್ಡ್ ಇದೆಯಲ್ಲ, ಇನ್ನೊಂದು ಯಾಕೆ ಎಂಬುದು ಅವನ ಪ್ರಶ್ನೆ. ಉತ್ತರ: ಲ್ಯಾಪ್‌ಟಾಪಿನಲ್ಲಿ ಪರದೆಗೂ ಕೀಲಿಗಳಿಗೂ ನಡುವೆ ಒಂದು ಕೀಲು ಇದೆ. ಕೀಲಿಗಳು ಕೈಗೆ ಹೊಂದುವಂತೆ ಇಟ್ಟುಕೊಂಡರೆ ಕತ್ತು ಬಗ್ಗುತ್ತದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಿದರೆ ಮೊಣಕೈಗಳು ಗಾಳಿಯಲ್ಲಿ ತೇಲುತ್ತವೆ. ಕತ್ತೋ ಕೈಯೋ ಎಂಬ ಈ ಧರ್ಮಸಂಕಟದಿಂದ ಪಾರಾಗಲು ಬೇರೆ ಕೀಬೋರ್ಡ್ ಒಂದೇ ದಾರಿ. ಪೂರ್ವಪಕ್ಷದವನು ಕೂತುಕೊಳ್ಳುತ್ತಾನೆ. ಬಗ್ಗಿಯೇ ಕೂತುಕೊಳ್ಳುತ್ತಾನೆ, ಪಾಪ, ಅಭ್ಯಾಸಬಲ.

ಇತಿಹಾಸವನ್ನು ಚುಟುಕಾಗಿ ಹೇಳಬಹುದು. ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಸಂಗಡಿಗರು 1868ರಲ್ಲಿ ಟೈಪ್‌ರೈಟರಿಗೆ ಪೇಟೆಂಟ್ ಪಡೆದರು. ಬಹುಮಟ್ಟಿಗೆ ಇಂದಿನ ಕ್ವರ್ಟಿಯಂಥದೇ ವಿನ್ಯಾಸ 1878ರ ಪೇಟೆಂಟಿನಲ್ಲಿ ಕಾಣುತ್ತದೆ. ಅಕ್ಷರಗಳನ್ನು ಹೀಗೆ ಚೆಲ್ಲಾಪಿಲ್ಲಿ ಮಾಡಿದ್ದು ಅಚ್ಚಿನ ಕಡ್ಡಿಗಳು ಒಂದಕ್ಕೊಂದು ತಗುಲಿ ಸಿಕ್ಕಿಕೊಳ್ಳದಿರಲಿ ಎಂದು ಕೆಲವರು, ಅಲ್ಲ ಎಂದು ಕೆಲವರು. ಮತಭೇದವಿಲ್ಲದ ಶಾಸ್ತ್ರ ಶಾಸ್ತ್ರವೇ ಅಲ್ಲ. ಮೇಲಿನ ಸಾಲಿಗಿಂತ ಕೆಳಗಿನ ಸಾಲು ತುಸು ಬಲಕ್ಕೆ ಸರಿದಿರುವುದಕ್ಕೆ ಮಾತ್ರ ಕಾರಣ ಖಚಿತ. ಪ್ರತಿ ಕೀಲಿಯ ಕೆಳಗೂ ಒಂದು ಸನ್ನೆಕೋಲು ಹಾಯಬೇಕಿತ್ತು. ಸನ್ನೆಕೋಲು ಹೋಗಿ ಕಾಲವಾಯಿತು. ಸಾಲುಗಳು ಇನ್ನೂ ಓರೆಯಾಗಿಯೇ ನಿಂತು ಅದರ ಶ್ರಾದ್ಧ ಮಾಡುತ್ತಿವೆ.

ಇನ್ನು ಮತಗಳ ವಿಚಾರ. ಪೇಟೆಯಲ್ಲಿ ಸಿಗುವ ಕೀಬೋರ್ಡುಗಳೆಲ್ಲ ಮೂರು ಸಂಪ್ರದಾಯಗಳಲ್ಲಿ ಅಡಗುತ್ತವೆ.

ಅದ್ವೈತ ಸಂಪ್ರದಾಯದಲ್ಲಿ ಇರುವುದು ಒಂದೇ ಹಲಗೆ. ಎಡ ಬಲ ಎಂಬ ಭೇದ ಬರೀ ಭ್ರಮೆ. ಆದರೆ ಎರಡು ಭುಜಗಳಿಂದ ಹೊರಟ ಕೈಗಳು ಎದೆಯ ಮುಂದೆ ಒಂದೆಡೆ ಸೇರಬೇಕಾಗುವುದರಿಂದ ಮಣಿಕಟ್ಟು ಕಿರುಬೆರಳಿನ ಕಡೆಗೆ ಸೊಟ್ಟಗಾಗುತ್ತದೆ. ಜಗತ್ತು ಮಿಥ್ಯೆ ಎನ್ನಬಹುದು, ಆ ನೋವನ್ನು ಹಾಗೆನ್ನಲು ನಾಲಗೆ ಏಳುವುದಿಲ್ಲ.

ವಿಶಿಷ್ಟಾದ್ವೈತದಲ್ಲಿ ದೇಹ ಒಂದೇ, ಕೀಲಿಗಳು ಎರಡು ಪಂಗಡ. ನಡುವೆ ಸಣ್ಣ ಗುಡ್ಡ. ಮೈಕ್ರೋಸಾಫ್ಟ್ 1994ರಲ್ಲಿ ಹೊರತಂದ ನ್ಯಾಚುರಲ್ ಕೀಬೋರ್ಡ್ ಈ ಪಂಥವನ್ನು ಮನೆಮನೆಗೆ ಮುಟ್ಟಿಸಿತು. 2023ರಲ್ಲಿ ಆ ಕಂಪನಿ ತನ್ನ ಹೆಸರಿನ ಕೀಬೋರ್ಡು, ಮೌಸುಗಳನ್ನು ನಿಲ್ಲಿಸುವುದಾಗಿ ಹೇಳಿದಾಗ ಶಿಷ್ಯವರ್ಗದಲ್ಲಿ ಹಾಹಾಕಾರವೆದ್ದಿತು. ಮರುವರ್ಷ ಇನ್‌ಕೇಸ್ ಎಂಬ ಇನ್ನೊಂದು ಪೀಠದವರು ಆ ವಿನ್ಯಾಸಗಳನ್ನು ವಹಿಸಿಕೊಂಡರು. ಗುಡ್ಡದ ಉಪಯೋಗ ಇಷ್ಟು: ಅಂಗೈ ಪೂರ್ತಿ ಕವುಚಿದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ತಿರುಚಿಕೊಳ್ಳುತ್ತವೆ, ಹೆಬ್ಬೆರಳಿನ ಕಡೆ ಕೊಂಚ ಎತ್ತರವಾದರೆ ಆ ತಿರುಚು ಸಡಿಲವಾಗುತ್ತದೆ.

ದ್ವೈತದಲ್ಲಿ ಎಡವೂ ಬಲವೂ ಎಂದೆಂದಿಗೂ ಬೇರೆ ಬೇರೆ. ಎರಡು ತುಂಡುಗಳನ್ನು ಭುಜದಗಲಕ್ಕೆ ಸರಿಸಿ ಇಟ್ಟುಕೊಳ್ಳಬಹುದು. ಶರೀರಕ್ಕೆ ಇದೇ ಪರಮ ಹಿತ ಎಂಬುದು ಪ್ರಬಂಧಕಾರನ ಪಕ್ಷ, ಅವನ ಕುಲದೇವರು ಯಾರೇ ಇರಲಿ. ಆದರೆ ವೈರ್‌ಲೆಸ್ ಎಂದು ಹೆಸರಿಟ್ಟ ಕೆಲವು ದ್ವೈತ ಕೀಬೋರ್ಡುಗಳಲ್ಲಿ ಎರಡು ತುಂಡುಗಳ ನಡುವೆಯೇ ಒಂದು ವೈರ್ ಇರುತ್ತದೆ. ಅದೂ ಇಲ್ಲದಿದ್ದರೆ ಎರಡು ಬ್ಯಾಟರಿ. ಎಡಕ್ಕೆ ಚಾರ್ಜ್ ಮುಗಿದ ದಿನ ನೀವು ಬಲಗೈ ಪದಗಳಲ್ಲೇ ಕಾಗದ ಬರೆಯಬೇಕು. ಕನಕನ ಬಗ್ಗೆಯಾದರೆ ಬರೆಯಬಹುದು.

ಈಗ ಮುಖ್ಯ ಪ್ರಮೇಯ. ಇಂಗ್ಲಿಷಿನಲ್ಲಿ ಟೈಪ್ ಮಾಡುವವರು ಕೀಬೋರ್ಡನ್ನು ಬೈಯುವಾಗ ಕಿರುಬೆರಳಿನ ಕಷ್ಟವನ್ನೇ ಹೇಳುತ್ತಾರೆ. ಅದು ಅವರ ಕಷ್ಟ. ಕೆ.ಪಿ. ರಾವ್ ಅವರು ರೂಪಿಸಿದ, ಕರ್ನಾಟಕ ಸರ್ಕಾರ ಒಪ್ಪಿಕೊಂಡ, ನುಡಿ ತಂತ್ರಾಂಶದ ಮೂಲಕ ಆಫೀಸು ಆಫೀಸಿಗೂ ಹೊಕ್ಕ ವಿನ್ಯಾಸದಲ್ಲಿ ಒತ್ತಕ್ಷರ ಬೇಕಾದರೆ ಎಫ್ ಕೀಲಿ ಒತ್ತಬೇಕು. ಎಫ್ ಇರುವುದು ಎಡ ತೋರುಬೆರಳಿನ ಸ್ವಸ್ಥಾನದಲ್ಲಿ. ಅದೇ ಬೆರಳಿನ ಸುತ್ತ ರ, ತ, ಗ, ವ, ಬ ಇವೆಲ್ಲ ಠಿಕಾಣಿ ಹೂಡಿವೆ. ವಿನ್ಯಾಸದಲ್ಲಿ ದೋಷವಿಲ್ಲ, ಇಪ್ಪತ್ತಾರು ಕೀಲಿಗಳಲ್ಲಿ ಇಡೀ ಕನ್ನಡ ವರ್ಣಮಾಲೆಯನ್ನು ಕೂರಿಸಿ, ಕಲಿಯುವುದು ಕಷ್ಟವೇ ಆಗದಂತೆ ಮಾಡಿದ ಜಾಣ್ಮೆ ಅದು. ದೋಷ ನಮ್ಮ ಒತ್ತಕ್ಷರಗಳ ಚಪಲದ್ದು.

ಪ್ರತ್ಯಕ್ಷ ಪ್ರಮಾಣ ಬೇಕೇ? 'ವರ್ಗ' ಎಂದು ಟೈಪ್ ಮಾಡಿ. ನಾಲ್ಕು ಒತ್ತು, ನಾಲ್ಕೂ ಎಡ ತೋರುಬೆರಳಿನವು. 'ವ್ರತ', 'ಗರ್ವ', 'ಬರ್ಬರ' ಎಲ್ಲ ಹಾಗೇ. ಮಿಕ್ಕ ಒಂಬತ್ತು ಬೆರಳುಗಳು ಆ ಹೊತ್ತಿನಲ್ಲಿ ಸರ್ಕಾರಿ ರಜೆಯ ಮೇಲಿರುತ್ತವೆ. ಪರಾಕಾಷ್ಠೆ ಎಂದರೆ 'ತತ್ತ್ವ'. ತ, ಮತ್ತೆ ತ, ಎಫ್, ಮತ್ತೆ ತ, ಮತ್ತೆ ಎಫ್, ವ: ಆರು ಒತ್ತು, ಒಂದೇ ಬೆರಳು. ಇದರಿಂದ ಸಿದ್ಧವಾಗುವುದೇನೆಂದರೆ, ಕನ್ನಡದಲ್ಲಿ ದರ್ಶನಶಾಸ್ತ್ರ ಬರೆಯುವವರಿಗೆ ಬೆರಳು ನೋವು ಅನಿವಾರ್ಯ, ಲಲಿತ ಪ್ರಬಂಧ ಬರೆಯುವವರಿಗೆ ಐಚ್ಛಿಕ. ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿಮಣೆ ವಿನ್ಯಾಸದ ಅನುಯಾಯಿಗಳು ಇಲ್ಲಿ ಮುಗುಳ್ನಗಬಹುದು. ಅವರ ಪಂಥದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಒತ್ತಿನ ಕೀಲಿ ಎಡ ನಡುಬೆರಳಿನ ಕೆಳಗಿನ ಡಿ. ಅವರಿಗೆ ಬೇರೆ ಬೆರಳು ನೋಯುತ್ತದೆ, ಅಷ್ಟೇ.

ಈ ಪ್ರಮೇಯದಿಂದ ಕೊಳ್ಳುವವರಿಗೆ ಬೇಕಾದ ಲಕ್ಷಣಗಳು ತಾವಾಗಿ ಹುಟ್ಟುತ್ತವೆ. ಎಫ್ ಕೀಲಿ ಮೆತ್ತಗಿರಬೇಕು. ಮೆಕ್ಯಾನಿಕಲ್ ಕೀಬೋರ್ಡುಗಳಲ್ಲಿ ಚೆರಿ ಕಂಪನಿಯ ಕೆಂಪು ಸ್ವಿಚ್ಚು ಸುಮಾರು 45 ಗ್ರಾಂ ಒತ್ತಡಕ್ಕೆ, 2 ಮಿಲಿಮೀಟರ್ ಇಳಿಯುವಷ್ಟರಲ್ಲಿ ಅಕ್ಷರ ಮೂಡಿಸುತ್ತದೆ. ತಳ ಮುಟ್ಟುವತನಕ ಗುದ್ದಬೇಕಿಲ್ಲ. ನೀಲಿ ಸ್ವಿಚ್ಚು ಪ್ರತಿ ಒತ್ತಿಗೂ ಟಕ್ ಎನ್ನುತ್ತದೆ. ರಾತ್ರಿ ಹನ್ನೊಂದಕ್ಕೆ 'ತತ್ತ್ವ' ಬರೆದರೆ ಟಕ್ ಟಕ್ ಟಕ್ ಟಕ್ ಟಕ್ ಟಕ್. ಪಕ್ಕದ ಕೋಣೆಯಿಂದ ಬರುವ ಪ್ರತಿಕ್ರಿಯೆ ಯಾವ ದರ್ಶನಕ್ಕೂ ಸೇರಿದ್ದಲ್ಲ. ಬಿ ಕೀಲಿಯನ್ನು ಬಲಗೈಯಿಂದ ಒತ್ತುವ ರೂಢಿಯವರು ಒಡೆದ ಕೀಬೋರ್ಡಿನಲ್ಲಿ ಬಿ ಯಾವ ಭಾಗದಲ್ಲಿದೆ ಎಂದು ನೋಡಿಕೊಳ್ಳಬೇಕು, ಹೆಚ್ಚಾಗಿ ಅದು ಎಡಕ್ಕೆ ಹೋಗಿರುತ್ತದೆ. ಇಲ್ಲವಾದರೆ ಬೆಂಗಳೂರು, ಬಳ್ಳಾರಿ, ಬೀದರ್ ಬರೆಯುವಾಗಲೆಲ್ಲ ಬಲ ತೋರುಬೆರಳು ಕಂದಕಕ್ಕೆ ಬೀಳುತ್ತದೆ.

ಕೀಬೋರ್ಡಿನ ಹಿಂಬದಿಯ ಪುಟ್ಟ ಕಾಲುಗಳನ್ನು ಬಿಚ್ಚಿ ನಿಲ್ಲಿಸುವುದು ಲೋಕರೂಢಿ. ಶಾಸ್ತ್ರಸಮ್ಮತವಲ್ಲ. ಹಿಂದೆ ಎತ್ತರವಾದಷ್ಟೂ ಅಂಗೈ ಮೇಲಕ್ಕೆ ಮಡಚಿಕೊಳ್ಳುತ್ತದೆ. ಮಟ್ಟಸವಾಗಿರಲಿ, ಮುಂಭಾಗವೇ ತುಸು ಎತ್ತರವಾದರೆ ಇನ್ನೂ ಮೇಲು.

ಆದರೆ ಮೇಜು? ಸಾಧಾರಣ ಮೇಜಿನ ಎತ್ತರ 75 ಸೆಂಟಿಮೀಟರ್ ಆಸುಪಾಸು. ಕೀಲಿಗಳು ಮೊಣಕೈ ಮಟ್ಟಕ್ಕಿರಬೇಕು. ನಮ್ಮಲ್ಲಿ ಬಹಳ ಮಂದಿಗೆ ಈ ಮೇಜು ಎತ್ತರವೇ. ಆದ್ದರಿಂದ ಕುರ್ಚಿ ಏರಿಸಬೇಕು. ಕುರ್ಚಿ ಏರಿಸಿದರೆ ಪಾದ ನೆಲಕ್ಕೆ ತಾಗದು, ತೊಡೆಯಡಿ ಜೋಮು ಹಿಡಿಯುತ್ತದೆ. ಆದ್ದರಿಂದ ಕಾಲಡಿಗೆ ಏನಾದರೂ ಬೇಕು. ಕುರ್ಚಿ ಏರಿದ ಮೇಲೆ ಪರದೆ ತಗ್ಗಾಯಿತು, ಅದನ್ನೂ ಏರಿಸಬೇಕು. ತರ್ಕಶಾಸ್ತ್ರದಲ್ಲಿ ಇದಕ್ಕೆ ಅನವಸ್ಥಾ ದೋಷವೆಂದು ಹೆಸರು. ಸಂಸಾರದಲ್ಲಿ ಇದಕ್ಕೆ ಖರ್ಚು ಎನ್ನುತ್ತಾರೆ. ಪ್ರಬಂಧಕಾರನು ದೋಷಪರಿಹಾರಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಿಂದ ಎರಡನ್ನು ಲ್ಯಾಪ್‌ಟಾಪಿನ ಕೆಳಗೆ ಇಟ್ಟಿದ್ದಾನೆ. ಅದೇ ದಪ್ಪದ ಇನ್ನೊಂದು ಕಾಲಡಿಗೆ ಬರುತ್ತಿತ್ತು, ಆದರೆ ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ಅದು ಸಾಧ್ಯವೇ? ಅಡುಗೆಮನೆಯಿಂದ ಊಟದ ಮಣೆ ಬಂತು. ತಂದಿದ್ದು ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆ ಇತ್ಯರ್ಥವಾಗಿಲ್ಲ.

ವೈರ್‌ಲೆಸ್ ಎಂಬ ಗುಣದ ಬಗ್ಗೆ ಎರಡೇ ಮಾತು. ಬ್ಲೂಟೂತ್ ಆದರೆ ಹತ್ತನೆಯ ಶತಮಾನದ ಡೆನ್ಮಾರ್ಕಿನ ರಾಜನೊಬ್ಬನ ಹೆಸರು ಹೊತ್ತದ್ದು. ನಮ್ಮಲ್ಲಿ ಪಂಪ ಇದ್ದ ಶತಮಾನ. ಡಾಂಗಲ್ ಆದರೆ ಅದನ್ನು ಯುಎಸ್‌ಬಿ 3ರ ನೀಲಿ ತೂತಿಗೆ, ಅದರಲ್ಲೂ ಹಾರ್ಡ್ ಡಿಸ್ಕಿನ ಪಕ್ಕ, ಚುಚ್ಚಬೇಡಿ. ಅಲ್ಲಿನ ಗದ್ದಲ 2.4 ಗಿಗಾಹರ್ಟ್ಸ್ ಅಲೆಗೆ ಅಡ್ಡಬಂದು ಅಕ್ಷರಗಳು ತಪ್ಪಿಹೋಗುತ್ತವೆ. ಒತ್ತಿನ ಎಫ್ ಒಂದು ಕಳೆದುಹೋದರೆ 'ಅತ್ತೆ' ಹೋಗಿ 'ಅತತೆ' ಆಗುತ್ತಾರೆ.

ಉಳಿದದ್ದು ಆಪ್ತವಾಕ್ಯ ಪ್ರಮಾಣ. ಅದಕ್ಕಾಗಿ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಬೇಕು. ಅಲ್ಲಿನ ಅಂಗಡಿಯ ಹುಡುಗ ಉದ್ದದ್ದೊಂದನ್ನು ಡಬ್ಬದಿಂದ ತೆಗೆದು, "ಇದು ತಗೊಳ್ಳಿ ಸಾರ್, ಒಳ್ಳೇ ಮೂವಿಂಗ್ ಇದೆ" ಎಂದ. ಕೀಬೋರ್ಡ್ ಜಾರಬಾರದು, ಕೆಳಗೆ ರಬ್ಬರ್ ಇರಬೇಕು ಎಂಬ ಆಕ್ಷೇಪವನ್ನು ಅವನು ಪರಿಗಣಿಸಲಿಲ್ಲ. ಬಲಕ್ಕಿದ್ದ ನಂಬರ್ ಪ್ಯಾಡ್ ಬೇಡ, ಅದಿದ್ದರೆ ಮೌಸಿಗೆ ಕೈ ದೂರ ಚಾಚಬೇಕು ಎಂದಾಗ, "ಅದಕ್ಕೆ ದುಡ್ಡೇನೂ ಜಾಸ್ತಿ ಇಲ್ಲ ಸಾರ್, ಫ್ರೀ ಅನ್ಕೊಳ್ಳಿ" ಎಂದ. ಕೊನೆಗೆ ಮೇಲಿನ ಅಟ್ಟದಿಂದ, ಧೂಳು ಊದಿ, ವಿಶಿಷ್ಟಾದ್ವೈತದ್ದೊಂದು ಇಳಿಸಿದ.

ಪರೀಕ್ಷೆಗೆ ಅವನ ಕಂಪ್ಯೂಟರಿನಲ್ಲಿ ಕನ್ನಡ ಇರಲಿಲ್ಲ. ನೋಟ್‌ಪ್ಯಾಡ್ ತೆರೆದು, ಎಡ ತೋರುಬೆರಳನ್ನು ಎಫ್ ಮೇಲೆ ನೆಟ್ಟು, ಅಲ್ಲಿಂದ ಆರು ಒತ್ತು ಒತ್ತಿದ್ದಾಯಿತು. ಟಿ ಟಿ ಎಫ್ ಟಿ ಎಫ್ ವಿ ಎಂದು ಪರದೆಯಲ್ಲಿ ಮೂಡಿತು. ಹುಡುಗ ಬಗ್ಗಿ ನೋಡಿ ತಟ್ಟನೆ ಮುಖ ಆಚೆ ತಿರುಗಿಸಿದ.

"ಪಾಸ್‌ವರ್ಡ್ ಎಲ್ಲ ಇಲ್ಲಿ ಹಾಕ್ಬೇಡಿ ಸಾರ್, ಕ್ಯಾಮೆರಾ ಇದೆ."

"ಪಾಸ್‌ವರ್ಡ್ ಅಲ್ಲಪ್ಪ, ತತ್ತ್ವ."

"ಯಾವ್ದಾದ್ರೂ ಆಗ್ಲಿ, ಇನ್ನೂರು ಕಮ್ಮಿ ಮಾಡ್ಕೊಡ್ತೀನಿ. ಬಿಲ್ ಬೇಕಾ?"