ಮೇಣದಬತ್ತಿ ರಾಕೆಟ್ಟು

ರಾಕೆಟ್ಟು ಹಾರಿಸಲು ಅಮೆರಿಕದ ವಾಯುಪಡೆ 1990ರ ದಶಕದಲ್ಲಿ ಪೆಂಟೇನ್ ಎಂಬ ದ್ರವವನ್ನು ಹೆಪ್ಪುಗಟ್ಟಿಸಿತು. ಮೈನಸ್ 130 ಡಿಗ್ರಿಗೆ ಇಳಿಸಿದರಷ್ಟೇ ಅದು ಗಟ್ಟಿಯಾಗುವುದು. ಹೈಬ್ರಿಡ್ ಎಂಜಿನ್ನಿನಲ್ಲಿ ಇಂಧನ ಗಟ್ಟಿ, ಅದನ್ನು ಉರಿಸುವ ಆಮ್ಲಜನಕ ದ್ರವವೋ ಅನಿಲವೋ ಆಗಿರುತ್ತದೆ. ಮಾಮೂಲಿ ರಬ್ಬರ್ ಇಂಧನ ಉರಿಯುವುದು ಸರ್ಕಾರಿ ಕಡತದ ವೇಗದಲ್ಲಿ. ಪೆಂಟೇನ್ ಅದರ ಹಲವು ಪಟ್ಟು ವೇಗದಲ್ಲಿ ಉರಿದುಹೋಯಿತು.

ಯಾಕೆ ಹೀಗೆ ಎಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದರು. ಇಂಧನದ ಮೈ ಕರಗಿ ತೆಳ್ಳನೆಯ ಪದರವಾಗುತ್ತದೆ, ಮೇಲೆ ರಭಸದಿಂದ ಬೀಸುವ ಅನಿಲ ಅದರಿಂದ ಹನಿಗಳನ್ನು ಕಿತ್ತು ಬೆಂಕಿಗೆ ಎಸೆಯುತ್ತದೆ. ಹಾಗಾದರೆ ಕರಗಿದ್ದು ನೀರಿನಂತೆ ತೆಳ್ಳಗಿದ್ದರಾಯಿತು, ಅಷ್ಟೊಂದು ಚಳಿ ಯಾಕೆ? ಹೆಪ್ಪುಗಟ್ಟಿಸುವ ತಾಪತ್ರಯವೇ ಇಲ್ಲದೆ ಹೀಗೆ ಉರಿಯುವ ವಸ್ತುವೊಂದು ಅವರಿಗೆ ಸಿಕ್ಕಿತು: ಪ್ಯಾರಾಫಿನ್. ಅಂದರೆ, ಮೇಣದಬತ್ತಿಯ ಮೇಣ.

ಶರಾವತಿ ಹಿನ್ನೀರಿನ ದಡದ ನಮ್ಮ ಹೊನ್ನೆಮರಡಿನ ಕಡೆ ಬಂದು ಕೇಳಿದ್ದರೆ ಮೊದಲೇ ಹೇಳುತ್ತಿದ್ದೆವಲ್ಲ ಮಾರಾಯ್ರೇ! 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಕಣಿವೆಯ ಊರು, ಗದ್ದೆ, ತೋಟಗಳೆಲ್ಲ ನೀರಿಗೆ ಹೋದವು. ವಿದ್ಯುತ್ತಿಗಾಗಿಯೇ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಇನ್ನೂ ಹೆಚ್ಚು ವಿದ್ಯುತ್ತಿಗಾಗಿ ಮುಳುಗಿತು. ಅದೇ ನೀರಿನ ಮೇಲೆ ಈಗ ಲೈಫ್ ಜಾಕೆಟ್ ತೊಟ್ಟ ಬೆಂಗಳೂರಿನವರು ತೆಪ್ಪ ತೇಲಿಸುತ್ತಾರೆ. ನಾಡಿಗೆಲ್ಲ ಬೆಳಕು ಸಿಕ್ಕಿತು. ಹಿನ್ನೀರಿನವರಿಗೆ ಮೇಣದಬತ್ತಿಯಲ್ಲಿ ಪರಿಣತಿ ಬಂತು.

ಆಷಾಢದಲ್ಲಿ ಲೈನಿನ ಮೇಲೊಂದು ಕೊಂಬೆ ಬಿದ್ದರೆ ಸಾಕು, ಕರೆಂಟು ಹೋಗುತ್ತದೆ. ಬೋರಲು ಹಾಕಿದ ಲೋಟದ ಮೇಲೆ ಬತ್ತಿ ನಿಲ್ಲುತ್ತದೆ, ಕಿಟಕಿಯ ಗಾಳಿಗೆ ಒಂದು ಮಗ್ಗುಲು ದಬದಬ ಕರಗಿ ಮಗುವಿನ ಹೋಂವರ್ಕ್ ಪುಸ್ತಕದ ಮೇಲೆ ಹನಿಯುತ್ತದೆ. ಸ್ಟ್ಯಾನ್‌ಫರ್ಡಿನ ಸಿದ್ಧಾಂತ ಇದಕ್ಕಿಂತ ಹೆಚ್ಚೇನು ಹೇಳುತ್ತದೆ?

ರಾಕೆಟ್ಟೂ ನಮಗೆ ಹೊಸದಲ್ಲ. ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹಳೇ ಬಾವಿಯೊಂದರಲ್ಲಿ 2018ರಲ್ಲಿ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕಿದ್ದವು. ಮದ್ದನ್ನು ಇನ್ನೂರು ವರ್ಷ ತಣ್ಣಗಿಟ್ಟ ದಾಖಲೆ ಬೇರೆ ಯಾವ ಪ್ರಯೋಗಾಲಯಕ್ಕಿದೆ?

ಆದ್ದರಿಂದ ಮುಂದಿನ ಹೈಬ್ರಿಡ್ ರಾಕೆಟ್ ಕೇಂದ್ರ ಹೊನ್ನೆಮರಡಿನಲ್ಲೇ ಆಗಲಿ ಎಂದು ಆಗ್ರಹಿಸುತ್ತೇನೆ. ಕಬ್ಬಿಣದ ಕೊಳವೆ ನಗರದ ಬಾವಿಯಿಂದ, ಇಂಧನ ಸಾಗರ ಪೇಟೆಯ ಕಿರಾಣಿ ಅಂಗಡಿಯಿಂದ. ಉಳಿದದ್ದು ದ್ರವ ಆಮ್ಲಜನಕ. ಅದನ್ನು ಮೈನಸ್ 183 ಡಿಗ್ರಿಗೆ ಇಳಿಸುವ ಯಂತ್ರಕ್ಕೆ ಹಗಲೂ ರಾತ್ರಿ ಕರೆಂಟು ಬೇಕಂತೆ. ಲೈನ್‌ಮನ್ ಫೋನ್ ಎತ್ತಿದ ಕೂಡಲೇ ಕೆಲಸ ಶುರು ಮಾಡೋಣ.