ಸದರಿ ಸಿನಿಮಾ

ತಮ್ಮನ ಕಿರುಚಿತ್ರದ ಎಡಿಟಿಂಗು ನನ್ನ ಲ್ಯಾಪ್‌ಟಾಪಿನಲ್ಲೇ ಎಂದು ತೀರ್ಮಾನವಾಯಿತು. ನನ್ನನ್ನು ಯಾರೂ ಕೇಳಲಿಲ್ಲ. ಡಾವಿಂಚಿ ರಿಸಾಲ್ವ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಸರಿ. ರ‍್ಯಾಮ್ ಯಾರು ಪುಕ್ಕಟೆ ಕೊಡುತ್ತಾರೆ? ನಾಯಕಿ ಕಾಫಿ ಲೋಟ ತುಟಿಗೆ ತರುವಷ್ಟರಲ್ಲಿ ಪರದೆ ಗಕ್ಕನೆ ನಿಂತಿತು.

“ಎಚ್.264 ಅಕ್ಕಾ,” ಅಂದ. ವಿಡಿಯೊ ಕುಗ್ಗಿಸುವ 2003ರ ಈ ಜಾಣ ಲೆಕ್ಕ ಥೇಟ್ ಶಾನುಭೋಗರ ಕಡತ: ಒಂದು ಫ್ರೇಮ್ ಪೂರ್ತಿ ಬರೆದು, ಮುಂದಿನವಕ್ಕೆಲ್ಲ ‘ಸದರಿ, ಸದರಿ’, ಬದಲಾದದ್ದಷ್ಟೇ ನಮೂದು. ಫೈಲು ಚಿಕ್ಕದು, ನಿಜ. ಆದರೆ ನಡುವೆ ಕತ್ತರಿ ಹಾಕಹೋದರೆ ‘ಸದರಿ ಅಂದರೆ ಯಾವುದಪ್ಪಾ?’ ಎಂದು ಬಡಪಾಯಿ ಕಂಪ್ಯೂಟರು ಹಿಂದಕ್ಕೆ ಓಡಬೇಕು.

ವಿಡಿಯೊವನ್ನು ಪ್ರೊರೆಸ್ ಎಂಬ ಇನ್ನೊಂದು ಲೆಕ್ಕಕ್ಕೆ ಬದಲಾಯಿಸಿದ. ಅದರಲ್ಲಿ ಪ್ರತಿ ಫ್ರೇಮೂ ಇಡಿಯಾಗಿ ದಾಖಲು. ನಾಯಕಿ ಸಲೀಸಾಗಿ ಕಾಫಿ ಕುಡಿದಳು. ಡಿಸ್ಕು ಹೊಟ್ಟೆಬಿರಿಯ ತುಂಬಿತು.

“ಅಕ್ಕಾ, ನಿನ್ನ ಮದುವೆ ವಿಡಿಯೊ ಅಳಿಸಲಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಯಜಮಾನರ ದನಿ: “ಧಾರಾಳವಾಗಿ!”