ಬೇಲಿಫಲ ಮೀಮಾಂಸೆ: ನಾಗಪುರ ಖಂಡ

ಬೇಲಿಫಲವೆಂದರೆ ಒಬ್ಬರು ದನ ತಡೆಯಲೆಂದು ನೆಟ್ಟ ಗಿಡದಲ್ಲಿ ಮತ್ತೊಬ್ಬರಿಗಾಗಿ ಬಿಡುವ ಹಣ್ಣು. ನಾಗಪುರದ ಮಟ್ಟಿಗೆ ಈ ಲಕ್ಷಣಕ್ಕೆ ಮುಖ್ಯವಾಗಿ ಒಪ್ಪುವವು ಎರಡು: ಕವಳಿ ಮತ್ತು ಬೋರೆ. ಕಿತ್ತಳೆ ಈ ಶಾಸ್ತ್ರದ ವ್ಯಾಪ್ತಿಗೆ ಬಾರದು. ಅದಕ್ಕೆ ತೋಟವಿದೆ, ಸಂಶೋಧನಾ ಸಂಸ್ಥೆಯಿದೆ, 2014ರಿಂದ ಜಿಐ ಮಾನ್ಯತೆಯೂ ಇದೆ, ಕವಳಿಗಿರುವುದು ಮುಳ್ಳೊಂದೇ. ನೇರಳೆಯನ್ನೂ ಸೇರಿಸಬೇಕೆಂಬುದು ಪೂರ್ವಪಕ್ಷ. ನೇರಳೆ ತಾನಾಗಿಯೇ ತಲೆಯ ಮೇಲೆ ಬೀಳುವುದರಿಂದ ಅಲ್ಲಿ ಅನ್ವೇಷಣೆಗೆ ಎಡೆಯಿಲ್ಲವೆಂಬುದು ಸಿದ್ಧಾಂತ.

ಮರಾಠಿಗರ ಕರವಂದವಾದ ಕವಳಿಗೆ 1767ರಲ್ಲಿ ಲಿನೇಯಸ್ ಕ್ಯಾರಿಸಾ ಕರಂಡಾಸ್ ಎಂದು ನಾಮಕರಣ ಮಾಡಿದ. ಬೋರೆಯನ್ನು 1789ರಲ್ಲಿ ಝಿಝಿಫಸ್ ಮಾರಿಷಿಯಾನಾ ಎಂದು ಕರೆದವನು ಲಾಮಾರ್ಕ್. ಇಬ್ಬರೂ ಭಾರತದ ಬೇಲಿಗೆ ಕೈಹಾಕಿದವರಲ್ಲ. ಅವರ ವರ್ಣನೆಯ ಶಾಂತ ಧಾಟಿಗೆ ಬೇರೆ ಕಾರಣ ಹುಡುಕಬೇಕಿಲ್ಲ.

ಬೇಲಿಫಲದ ಚರಿತ್ರೆಯಲ್ಲಿ ದೊಡ್ಡ ಅಧ್ಯಾಯ ಉಪ್ಪಿನದು. ಸುಂಕ ಕೊಡದೆ ಉಪ್ಪು ಸಾಗಿಸುವವರನ್ನು ತಡೆಯಲು ಬ್ರಿಟಿಷರು ಒಳನಾಡಿನಲ್ಲೇ ಒಂದು ಸುಂಕದ ಗಡಿ ಎಳೆದು, ಅದರ ಬಹುಭಾಗಕ್ಕೆ ಮುಳ್ಳುಬೇಲಿ ಬೆಳೆಸಿದರು. 1869ರ ಹೊತ್ತಿಗೆ ಗಡಿ ಸಿಂಧೂ ನದಿಯಿಂದ ಮಹಾನದಿಯವರೆಗೆ ಸುಮಾರು 2,300 ಮೈಲು ಬೆಳೆದಿತ್ತು. ಕಾಯಲು 12,000ದಷ್ಟು ಆಳುಗಳು. ನಾಗಪುರ ರಾಜಧಾನಿಯಾಗಿದ್ದ ಮಧ್ಯಪ್ರಾಂತ್ಯವನ್ನೂ ಅದು ಹಾದುಹೋಗಿತ್ತು. ಜಾಲಿ, ಪಾಪಾಸುಕಳ್ಳಿಗಳ ಜೊತೆ ಆ ಬೇಲಿಯಲ್ಲಿ ಬೋರೆಯೂ ಇತ್ತು, ಕವಳಿಯೂ ಇತ್ತು. ಜನರ ಕೈಗೆ ಉಪ್ಪು ಸಿಗದಂತೆ ಕಾಯುವ ಕೆಲಸಕ್ಕೆ ಸರ್ಕಾರ ನೇಮಿಸಿದ್ದು ಉಪ್ಪಿನಕಾಯಿಗೆಂದೇ ಹುಟ್ಟಿದ ಕಾಯನ್ನು! ಬೇಲಿಯೇ ಎದ್ದು ಹೊಲ ಮೇಯ್ದ ಗಾದೆಗೆ ಇದಕ್ಕಿಂತ ಉದ್ದದ ಉದಾಹರಣೆ ಸಿಗಲಾರದು. 1867ರಿಂದ 1870ರವರೆಗೆ ಈ ಬೇಲಿಯ ಮೇಲಧಿಕಾರಿ ಎ.ಒ. ಹ್ಯೂಮ್. 1879ರಲ್ಲಿ ಗಡಿ ರದ್ದಾಯಿತು. 1885ರಲ್ಲಿ ಅದೇ ಹ್ಯೂಮ್ ಕಾಂಗ್ರೆಸ್ ಸ್ಥಾಪನೆಗೆ ಮುಂದಾದ. 1891ರ ಅಧಿವೇಶನ ನಾಗಪುರದಲ್ಲೇ ನೆರೆಯಿತು. ಕವಳಿಯ ಪರವಾಗಿ ಠರಾವು ಮಂಡನೆಯಾದಂತೆ ಕಾಣದು.

ಬೋರೆಯ ಕಾಲ ಚಳಿಗಾಲ. ಸಂಕ್ರಾಂತಿಯ ಆಸುಪಾಸಿನಲ್ಲಿ ಮರಾಠಿ ಮನೆಗಳಲ್ಲಿ ಬೋರ್‌ನಹಾಣ, ಕನ್ನಡದ ಮನೆಗಳಲ್ಲಿ ಎಲಚಿ ಎರೆಯುವುದು. ಎರಡರಲ್ಲೂ ಹಣ್ಣು ಮಗುವಿನ ತಲೆಯಿಂದ ನೆಲಕ್ಕೆ, ನೆಲದಿಂದ ನೆರೆಮಕ್ಕಳ ಜೇಬಿಗೆ ಸಾಗುವುದರಿಂದ ಸಂಸ್ಕರಣೆಗೆ ಉಳಿಯುವುದು ಅತ್ಯಲ್ಪ. ಕವಳಿ ಕಪ್ಪಾಗುವುದು ಮೇ-ಜೂನ್‌ನಲ್ಲಿ, ನಾಗಪುರದ ಬಿಸಿಲು 45 ಡಿಗ್ರಿ ದಾಟಿ ವಿವೇಕಿಗಳು ಕೂಲರಿನ ಮುಂದೆ ಕೂರುವ ಹೊತ್ತಿನಲ್ಲಿ.

ಸಂಗ್ರಹವಿಧಾನದಲ್ಲಿ ಮುಳ್ಳಿನ ಅಧ್ಯಯನ ಅನಿವಾರ್ಯ. ಬೋರೆಯ ಮುಳ್ಳು ಸಾಮಾನ್ಯವಾಗಿ ಜೋಡಿ: ಒಂದು ನೇರ, ಒಂದು ಕೊಕ್ಕೆ. ನೇರದ್ದು ಕೈ ಒಳಹೋಗುವಾಗ ಚುಚ್ಚುತ್ತದೆ. ಕೊಕ್ಕೆಯದು ಸುಮ್ಮನಿದ್ದು, ಕೈ ಹೊರಬರುವಾಗ ಅಂಗಿಯ ತೋಳು ಹಿಡಿದು ಲೆಕ್ಕ ಕೇಳುತ್ತದೆ. ಬೇಲಿಯ ಯಜಮಾನ ಪ್ರತ್ಯಕ್ಷನಾಗುವುದು ವಾಡಿಕೆಯಂತೆ ಈ ಎರಡನೆಯ ಹಂತದಲ್ಲೇ. ಕವಳಿಯದು ಬೇರೆ ನೀತಿ. ತೊಟ್ಟು ಮುರಿದಲ್ಲಿ ಬಿಳಿ ಹಾಲು ಒಸರಿ ಬೆರಳಿಗೆ ಬೆರಳು ಅಂಟಿಕೊಳ್ಳುತ್ತದೆ, ಸೋಪಿಗೂ ಬಿಡದು. ಮೊದಲೇ ಎಣ್ಣೆ ಸವರಿಕೊಂಡವರೇ ಜಾಣರು.

ಕವಳಿಯಲ್ಲಿ ಪೆಕ್ಟಿನ್ನೂ ಹುಳಿಯೂ ಧಾರಾಳ, ಆದ್ದರಿಂದ ಜಾಮ್ ಬೇಗ ಗಟ್ಟಿಯಾಗುತ್ತದೆ. ಪುಸ್ತಕಗಳು 105 ಡಿಗ್ರಿ ಎನ್ನುತ್ತವೆ, ಅದು ಸಮುದ್ರಮಟ್ಟದ ಮಾತು. ನಾಗಪುರ 310 ಮೀಟರ್ ಎತ್ತರದಲ್ಲಿದೆ; ನೀರು 99ರ ಸುಮಾರಿಗೇ ಕುದಿಯುವುದರಿಂದ ಜಾಮಿಗೆ 104 ಸಾಕು. ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಓರೆ ಮಾಡಿ ನೋಡುವ ಅಜ್ಜಿಯರು ಥರ್ಮಾಮೀಟರಿಲ್ಲದೆಯೇ ಈ ತಿದ್ದುಪಡಿಯನ್ನು ಪಾಲಿಸುತ್ತಾರೆ. ಶರಬತ್ತಿಗೆ ಹಣ್ಣು ಬೇಯಿಸಿ, ಕಿವುಚಿ, ಸೋಸಿ, ಸಕ್ಕರೆ ಬೆರೆಸಿದರೆ ಸಾಕು. ಸಕ್ಕರೆಯಲ್ಲಿ ಜಿಪುಣತನ ತೋರಿ ಬಾಟಲಿಯನ್ನು ಅಟ್ಟದ ಮೇಲಿಟ್ಟರೆ ಯೀಸ್ಟ್ ಕೆಲಸಕ್ಕಿಳಿಯುತ್ತದೆ. ಬಿರಡೆ ತಾನಾಗಿ ಹಾರುವ ಶರಬತ್ತನ್ನು ಪಕ್ಕದ ವರ್ಧಾಕ್ಕೆ ಒಯ್ಯುವುದು ಕ್ಷೇಮವಲ್ಲ. ಅದು ಪಾನನಿಷೇಧದ ಜಿಲ್ಲೆ.

ಉಪ್ಪಿನಕಾಯಿಗೆ ಎಳೆಯ ಕಾಯಿ ಹೋಗುತ್ತದೆ. ಮಿಕ್ಕದ್ದರಲ್ಲಿ ಒಂದು ಪಾಲು ಬೀಜ ಕಳೆದುಕೊಂಡು, ಸಕ್ಕರೆಪಾಕದಲ್ಲಿ ಮಿಂದು, ಕೆಂಪು ಬಣ್ಣ ಬಳಿಸಿಕೊಂಡು ಬೇಕರಿ ಸೇರುತ್ತದೆ. ಬೇಲಿಯ ಹಣ್ಣು ಹಳ್ಳಿಗರ ತಿಂಡಿಯೆಂದು ಮೂಗು ಮುರಿಯುವವರು ಹುಟ್ಟುಹಬ್ಬದ ಕೇಕಿನ ನೆತ್ತಿಯಿಂದ ಅದನ್ನೇ ಮೊದಲು ಕಿತ್ತು, ಚೆರ್ರಿಯೆಂದು ಬಾಯಿಗೆ ಹಾಕಿಕೊಳ್ಳುತ್ತಾರೆ.